ಇಪ್ಪತ್ತು ಕಿಲೋಮೀಟರ್ ಎತ್ತರದ ಟವರ್‌ಗೆ ರಾತ್ರಿ ಕರೆಂಟ್ ಎಲ್ಲಿಂದ?

2002ರ ಸೆಪ್ಟೆಂಬರ್ 30. ಹವಾಯಿಯ ಕವಾಯ್ ದ್ವೀಪದಲ್ಲಿ ಸುಮಾರು 1,500 ಹೆಕ್ಟೇರಿನ ಒಂದು ಕಾಫಿ ತೋಟ. ಅದರ ಮೇಲೆ 21,000 ಅಡಿ ಎತ್ತರದಲ್ಲಿ ಪೈಲಟ್ ಇಲ್ಲದ ಒಂದು ವಿಮಾನ ನಾಲ್ಕು ಗಂಟೆ ಸುತ್ತು ಹೊಡೆಯಿತು. ಯಾವ ಬ್ಲಾಕಿನಲ್ಲಿ ಕಾಫಿ ಹಣ್ಣಾಗಿದೆ, ಯಾವುದರಲ್ಲಿ ಇನ್ನೂ ಕಾಯಿ ಇದೆ ಅಂತ ಫೋಟೊ ತೆಗೆದು ಕೆಳಗೆ ಕಳಿಸುವುದು ಅದರ ಕೆಲಸ. ಕೊಯ್ಲನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದಕ್ಕೆ ಆ ಫೋಟೊ ಬೇಕಿತ್ತು. ಚಿತ್ರಗಳು ಇಳಿದು ಬಂದದ್ದು ಯಾವ ರಹಸ್ಯ ಮಿಲಿಟರಿ ರೇಡಿಯೋದಲ್ಲೂ ಅಲ್ಲ. ಅಂಗಡಿಯಲ್ಲಿ ಸಿಗುವ, ಲೈಸೆನ್ಸ್ ಬೇಡದ ವೈರ್‌ಲೆಸ್ ಲ್ಯಾನ್‌ನಲ್ಲಿ. ಅಂದರೆ ನಮ್ಮ ಮನೆಯ ವೈಫೈನ ಅಣ್ಣನೋ ತಮ್ಮನೋ ಅನ್ನಿ.

ವಿಮಾನದ ಹೆಸರು ಪಾಥ್‌ಫೈಂಡರ್ ಪ್ಲಸ್. ನಾಸಾ ಮತ್ತು ಏರೋವಿರಾನ್ಮೆಂಟ್ ಕಂಪನಿ ಸೇರಿ ಮಾಡಿದ್ದು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 121 ಅಡಿ, ಮೈಮೇಲೆಲ್ಲ ಸೋಲಾರ್ ಫಲಕ. ಕಾಫಿ ನೋಡಲು ಹೋಗುವ ಎರಡು ತಿಂಗಳು ಮುಂಚೆ ಇದೇ ವಿಮಾನ 65,000 ಅಡಿಗೆ, ಅಂದರೆ ಹೆಚ್ಚು ಕಡಿಮೆ 20 ಕಿ.ಮೀ.ಗೆ ಏರಿ ಇನ್ನೊಂದು ಕೆಲಸ ಮಾಡಿತ್ತು. ಜಪಾನಿನ ಎಂಜಿನಿಯರುಗಳು ಕೊಟ್ಟ ಉಪಕರಣ ಹೊತ್ತು, ಎಚ್‌ಡಿ ಟೀವಿ ಪ್ರಸಾರವನ್ನೂ 3ಜಿ ವಿಡಿಯೋ ಕಾಲನ್ನೂ ಅಲ್ಲಿಂದ ನಡೆಸಿತು. ಕೆಳಗಿದ್ದದ್ದು ಮಾಮೂಲಿ 3ಜಿ ಹ್ಯಾಂಡ್‌ಸೆಟ್. ಆ ಪ್ರಸಾರಕ್ಕೆ ಬಳಸಿದ ಶಕ್ತಿ ಬರೀ 1 ವ್ಯಾಟ್. ಅಷ್ಟೇ ಸಿಗ್ನಲ್ ಕೊಡಲು ನೆಲದ ಮೇಲಿನ ಟವರ್‌ಗೆ ಇದರ ಹತ್ತು ಸಾವಿರ ಪಟ್ಟು ಬೇಕಾಗುತ್ತದೆ ಅಂತ ನಾಸಾ ಹೇಳಿಕೊಂಡಿತ್ತು.

ಇದು 2002. ನಮ್ಮಲ್ಲಿ ಆಗ ಇನ್‌ಕಮಿಂಗ್ ಕಾಲ್‌ಗೂ ದುಡ್ಡು ಕಟ್ಟುತ್ತಿದ್ದ ಕಾಲ. ಇಪ್ಪತ್ತು ವರ್ಷದ ಮೇಲಾಯಿತು. ಹಾಗಾದರೆ ಇವತ್ತು ನಿಮ್ಮ ಫೋನಿನ ಸಿಗ್ನಲ್ ಕಡ್ಡಿಗಳಲ್ಲಿ ಒಂದಾದರೂ ಆಕಾಶದ ವಿಮಾನದಿಂದ ಯಾಕೆ ಬರುತ್ತಿಲ್ಲ?

ಮೊದಲು, ಇಪ್ಪತ್ತೇ ಕಿ.ಮೀ. ಯಾಕೆ ಅನ್ನೋದು. ಪ್ರಯಾಣಿಕರ ವಿಮಾನ ಹಾರುವುದು 10-12 ಕಿ.ಮೀ.ನಲ್ಲಿ. ಮಳೆ, ಗುಡುಗು, ಜೋರಾಗಿ ಬೀಸುವ ಜೆಟ್ ಗಾಳಿ ಎಲ್ಲ ಅದರ ಆಸುಪಾಸಿನಲ್ಲೇ. 20 ಕಿ.ಮೀ. ಹತ್ತಿರ, ಸ್ಟ್ರಾಟೋಸ್ಫಿಯರ್‌ನ ಕೆಳಭಾಗದಲ್ಲಿ, ಗಾಳಿ ಸಾಮಾನ್ಯವಾಗಿ ಸಮಾಧಾನವಾಗಿರುತ್ತದೆ. ಮೋಡ ಕೆಳಗಿರುತ್ತದೆ, ಹಾಗಾಗಿ ಹಗಲು ಪೂರ್ತಿ ಬಿಸಿಲು. ರೇಡಿಯೋ ಲೆಕ್ಕದಲ್ಲೂ ಈ ಎತ್ತರ ಲಾಭದ್ದೇ. ದೂರ ಎರಡು ಪಟ್ಟಾದರೆ ಸಿಗ್ನಲ್ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. 550 ಕಿ.ಮೀ. ಮೇಲಿನ ಉಪಗ್ರಹಕ್ಕೆ ಹೋಲಿಸಿದರೆ 20 ಕಿ.ಮೀ.ನಿಂದ ಬರುವ ಸಿಗ್ನಲ್ ಸುಮಾರು 750 ಪಟ್ಟು ಗಟ್ಟಿ. ಟೀವಿ ಡಿಶ್ ನೋಡುತ್ತಿರುವ 36,000 ಕಿ.ಮೀ.ನ ಉಪಗ್ರಹಕ್ಕೆ ಹೋಲಿಸಿದರೆ 32 ಲಕ್ಷ ಪಟ್ಟು. ಅದಕ್ಕೇ ಇಲ್ಲಿ ಡಿಶ್ ಬೇಡ, ಕೈಯಲ್ಲಿರುವ ಫೋನೇ ಸಾಕು. ದೂರದ ಉಪಗ್ರಹದ ಮೂಲಕ ಮಾತಾಡಿದರೆ ‘ಹಲೋ’ಗೆ ಉತ್ತರ ಬರಲು ಅರ್ಧ ಸೆಕೆಂಡ್ ತಡವಾಗುತ್ತದೆ. ಇಲ್ಲಿ ಆ ತಡ ಗೊತ್ತೇ ಆಗುವುದಿಲ್ಲ.

ವಿಮಾನದ ನೇರ ಕೆಳಗಿನ ಜಾಗದಿಂದ ಸುತ್ತ 100 ಕಿ.ಮೀ. ತ್ರಿಜ್ಯದ ವೃತ್ತ ಹಾಕಿದರೆ 31,000 ಚದರ ಕಿ.ಮೀ. ದಾಟುತ್ತದೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ವೃತ್ತಗಳು ಒಂದರ ಮೇಲೊಂದು ಸ್ವಲ್ಪ ಹತ್ತಬೇಕು, ಹಾಗಾಗಿ ಕಾಗದದ ಮೇಲೆ ಏಳೆಂಟು ವಿಮಾನ ಇಡೀ ರಾಜ್ಯಕ್ಕೆ ಸಾಕು. ಕಾಗದದ ಮೇಲೆ, ನೆನಪಿರಲಿ. ಕಾಗದದ ಮೇಲೆ ಬೆಟ್ಟವೂ ಇರುವುದಿಲ್ಲ, ಮಳೆಯೂ ಬರುವುದಿಲ್ಲ, ಕತ್ತಲೂ ಆಗುವುದಿಲ್ಲ.

ಒಂದು ಬಲ್ಬ್, ಮೂರು ಕಿಲೋ

ಈ ವಿಮಾನಗಳ ನಿಜವಾದ ಶತ್ರು ರಾತ್ರಿ. ಹಗಲೆಲ್ಲ ಸೋಲಾರ್ ಫಲಕ ಮೋಟಾರನ್ನೂ ತಿರುಗಿಸಬೇಕು, ಬ್ಯಾಟರಿಯನ್ನೂ ತುಂಬಬೇಕು. ಸಂಜೆಯ ಮೇಲೆ ಬ್ಯಾಟರಿಯೇ ಗತಿ. ಈಗ ಇದರ ಮೇಲೆ ಒಂದು ರೇಡಿಯೋ ಕೂರಿಸಿ ನೋಡಿ. ಅದಕ್ಕೆ 100 ವ್ಯಾಟ್ ಬೇಕು ಅನ್ನಿ, ಹಳೇ ಕಾಲದ ಒಂದು ಬಲ್ಬಿನಷ್ಟು. ರಾತ್ರಿ ಮತ್ತು ಬಿಸಿಲು ತೀರಾ ಓರೆಯಾಗಿರುವ ಹೊತ್ತು ಸೇರಿ 13 ಗಂಟೆ ಎಂದುಕೊಂಡರೆ 1,300 ವ್ಯಾಟ್-ಅವರ್. ಬಹಳ ಒಳ್ಳೆಯ ಬ್ಯಾಟರಿ ಒಂದು ಕಿಲೋ ತೂಕಕ್ಕೆ 400 ವ್ಯಾಟ್-ಅವರ್ ಆಸುಪಾಸು ಕೊಡುತ್ತದೆ. ಅಂದರೆ ಆ ಒಂದು ಬಲ್ಬಿಗಾಗಿಯೇ ಮೂರೂಕಾಲು ಕಿಲೋ ಬ್ಯಾಟರಿ.

ಮೂರು ಕಿಲೋ ಏನ್ ಮಹಾ, ನಮ್ಮ ಲ್ಯಾಪ್‌ಟಾಪ್ ಬ್ಯಾಗೇ ಅಷ್ಟಿರುತ್ತೆ ಅನ್ನಬಹುದು. ಆದರೆ ಏರ್‌ಬಸ್‌ನ ಜೆಫಿರ್ ವಿಮಾನವನ್ನೇ ತಗೊಳ್ಳಿ. ರೆಕ್ಕೆ 25 ಮೀಟರ್ ಉದ್ದ, ಇಡೀ ವಿಮಾನದ ತೂಕ ಬರೀ 75 ಕಿಲೋ. ಒಬ್ಬ ಮನುಷ್ಯನ ತೂಕ! ಇದರಲ್ಲಿ ರೇಡಿಯೋ, ಕ್ಯಾಮೆರಾಗೆ ಅಂತ ಉಳಿಯುವುದು ಕೆಲವೇ ಕಿಲೋ. ಮೂರು ಕಿಲೋ ಹೆಚ್ಚಾದರೆ ಅದನ್ನು ಹೊರಲು ರೆಕ್ಕೆ ದೊಡ್ಡದಾಗಬೇಕು, ರೆಕ್ಕೆ ದೊಡ್ಡದಾದರೆ ತೂಕ, ತೂಕಕ್ಕೆ ಮತ್ತೆ ಬ್ಯಾಟರಿ. ಅಲ್ಲಿ ಗಾಳಿಯ ಸಾಂದ್ರತೆ ನೆಲದ ಮಟ್ಟದ ಹದಿನಾಲ್ಕರಲ್ಲಿ ಒಂದು ಪಾಲು ಮಾತ್ರ. ರೆಕ್ಕೆಗೆ ಆಸರೆಯೇ ಕಮ್ಮಿ. ಇತ್ತ ನಮ್ಮ ಓಣಿಯ 4ಜಿ ಟವರ್ ಒಂದೆರಡು ಸಾವಿರ ವ್ಯಾಟ್ ಎಳೆಯುವುದು ಮಾಮೂಲು. ಅದನ್ನು ಹಾಗೇ ಎತ್ತಿ ಮೇಲಿಡುವ ಪ್ರಶ್ನೆಯೇ ಇಲ್ಲ.

ಒಂದು ಜಾಣ ಉಪಾಯ ಇದೆ. ಹಗಲು ಹೆಚ್ಚುವರಿ ಬಿಸಿಲಿನಲ್ಲಿ ಎತ್ತರಕ್ಕೆ ಏರಿ, ರಾತ್ರಿ ನಿಧಾನವಾಗಿ ಜಾರುತ್ತಾ ಇಳಿಯುವುದು. ಎತ್ತರವೇ ಬ್ಯಾಟರಿ. 75 ಕಿಲೋ ವಿಮಾನ 5 ಕಿ.ಮೀ. ಇಳಿದರೆ ಸುಮಾರು 1,000 ವ್ಯಾಟ್-ಅವರ್ ಉಳಿತಾಯ. ವಿಮಾನದ ಎಂಜಿನಿಯರ್‌ಗೆ ಖುಷಿ. ರೇಡಿಯೋ ಎಂಜಿನಿಯರ್‌ಗೆ ತಲೆಬಿಸಿ! ಟವರೇ ಪ್ರತಿ ರಾತ್ರಿ ಐದು ಕಿ.ಮೀ. ಕುಗ್ಗಿ ಬೆಳಗ್ಗೆ ಮತ್ತೆ ಬೆಳೆದರೆ ಕವರೇಜ್ ಅಂಚಿನ ಹಳ್ಳಿಗಳ ಗತಿ? ಜನ ವಿಡಿಯೋ ನೋಡಲು ಕೂರುವುದು ಸರಿಯಾಗಿ ರಾತ್ರಿ ಒಂಬತ್ತಕ್ಕೆ. ಈ ಕ್ಷೇತ್ರದ ಅರ್ಧ ಜಗಳ ಇದೇ ಅಂತ ನನಗನ್ನಿಸುತ್ತದೆ. ಹಾರುವವರ ಲೆಕ್ಕಕ್ಕೂ ಮಾತಾಡುವವರ ಲೆಕ್ಕಕ್ಕೂ ಇರುವುದು ಒಂದೇ ಬ್ಯಾಟರಿ.

ಇನ್ನೊಂದು ವಿಚಿತ್ರ. ಹೊರಗೆ ಮೈನಸ್ 56 ಡಿಗ್ರಿ ಇದ್ದರೂ ರೇಡಿಯೋ ಬಿಸಿಯಾಗಿ ಕೆಡಬಹುದು. ಆಂಪ್ಲಿಫೈಯರ್‌ಗೆ ಕೊಟ್ಟ ಕರೆಂಟಿನಲ್ಲಿ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ, ಆ ಶಾಖ ಹೊತ್ತೊಯ್ಯಲು ಅಲ್ಲಿ ಗಾಳಿಯೇ ಸಾಲದು. ಫ್ಯಾನ್ ಹಾಕಿದರೂ ಬೀಸುವುದೇನನ್ನು?

ತಿರುಗುವ ಕೊಡೆ

ನೆಲದ ಟವರ್ ನಿಂತಲ್ಲೇ ನಿಂತಿರುತ್ತದೆ. ವಿಮಾನ ನಿಲ್ಲಲು ಆಗದು, ನಿಂತರೆ ಬೀಳುತ್ತದೆ. ಹಾಗಾಗಿ ಕೆಲವು ಕಿ.ಮೀ. ಅಗಲದ ವೃತ್ತದಲ್ಲಿ ಸುತ್ತುತ್ತಲೇ ಇರುತ್ತದೆ. ವಿಮಾನದ ಆಂಟೆನಾ ಕೆಳಗಿನ ಪ್ರದೇಶವನ್ನು ಕೊಡೆಯ ಪಟ್ಟಿಗಳಂತೆ ಭಾಗ ಮಾಡಿ ಒಂದೊಂದು ಭಾಗಕ್ಕೂ ಒಂದೊಂದು ಕಿರಣ ಬಿಡುತ್ತದೆ. ವಿಮಾನ ಸುತ್ತಿದರೆ ಕೊಡೆಯೂ ಸುತ್ತುತ್ತದೆ. ಆರು ಪಟ್ಟಿಯ ಕೊಡೆ ಹದಿನೈದು ನಿಮಿಷಕ್ಕೊಂದು ಸುತ್ತು ಬಂದರೆ, ಜಗಲಿಯ ಮೇಲೆ ಸುಮ್ಮನೆ ಕೂತ ಅಜ್ಜಿಯ ಫೋನು ಎರಡೂವರೆ ನಿಮಿಷಕ್ಕೊಮ್ಮೆ ಸೆಲ್ ಬದಲಿಸಬೇಕು. ಬೆಂಗಳೂರಿನಿಂದ ತುಮಕೂರಿಗೆ ಬಸ್ಸಲ್ಲಿ ಹೋಗುತ್ತಿರುವವರ ಫೋನಿನ ಪಾಡು ಅಜ್ಜಿಯ ಫೋನಿಗೆ!

ಬರೀ ಸುತ್ತುವುದಲ್ಲ, ಓಲಾಡುವುದೂ ಇದೆ. ವಿಮಾನ ತಿರುಗುವಾಗ ರೆಕ್ಕೆ ಬರೀ 5 ಡಿಗ್ರಿ ವಾಲಿತು ಅನ್ನಿ. ನೇರ ಕೆಳಗೆ ಹಿಡಿದ ಕಿರಣ ನೆಲದಲ್ಲಿ 1.75 ಕಿ.ಮೀ. ಸರಿಯುತ್ತದೆ, ಪರವಾಗಿಲ್ಲ. ಆದರೆ 70 ಕಿ.ಮೀ. ದೂರದ ಊರಿಗೆ ಹಿಡಿದ ಕಿರಣ 100 ಕಿ.ಮೀ. ದೂರಕ್ಕೆ ಹಾರಿಬಿಡುತ್ತದೆ. ಇದಕ್ಕೆ ಪರಿಹಾರ ಫೇಸ್ಡ್ ಅರೇ ಆಂಟೆನಾ. ಹತ್ತಾರು ಸಣ್ಣ ಆಂಟೆನಾಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಸಿಗ್ನಲ್ ಕೊಡುವ ಸಮಯವನ್ನು ಕಣಗಾತ್ರ ಹಿಂದೆಮುಂದೆ ಮಾಡಿದರೆ, ಏನನ್ನೂ ಅಲುಗಿಸದೆ ಕಿರಣ ಬೇಕಾದ ಕಡೆ ಬಾಗುತ್ತದೆ. ವಿಮಾನ ಬಲಕ್ಕೆ ವಾಲಿದರೆ ಕಿರಣವನ್ನು ಅಷ್ಟೇ ಎಡಕ್ಕೆ ಎಳೆದು ಕೆಳಗಿನ ಕೊಡೆಯನ್ನು ನಿಂತಲ್ಲೇ ನಿಲ್ಲಿಸುವುದು. ಚೆನ್ನಾಗಿದೆ. ಆದರೆ ಈ ಲೆಕ್ಕ ಮಾಡುವ ಕಂಪ್ಯೂಟರಿಗೂ ರಾತ್ರಿ ಕರೆಂಟ್ ಬೇಕು, ಅದೇ ಮೂರು ಕಿಲೋ ಕಥೆಗೆ ವಾಪಸ್.

ಫೋನಿನ ಕಡೆಯಿಂದಲೂ ಒಂದು ಮಿತಿ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ದೂರದ ಫೋನಿನ ಸಿಗ್ನಲ್ ತಡವಾಗಿ ತಲುಪುವುದರಿಂದ, ‘ನೀನು ಇಷ್ಟು ಮುಂಚೆ ಮಾತು ಶುರು ಮಾಡು’ ಅಂತ ಟವರ್ ಪ್ರತಿ ಫೋನಿಗೂ ಹೇಳುತ್ತಿರುತ್ತದೆ. ಹಳೆಯ 2ಜಿಯಲ್ಲಿ ಈ ಹೊಂದಾಣಿಕೆ ಸುಮಾರು 35 ಕಿ.ಮೀ.ಗೆ ಮುಗಿಯುತ್ತಿತ್ತು. 4ಜಿಯ ನಿಯಮ ಸುಮಾರು 100 ಕಿ.ಮೀ. ತನಕ ಒಪ್ಪುತ್ತದೆ. ಮೇಲೆ ಹೇಳಿದ 100 ಕಿ.ಮೀ. ವೃತ್ತಕ್ಕೆ ಇದೂ ಒಂದು ಕಾರಣ.

ಆಗುಂಬೆಯಲ್ಲಿ ಲೆಕ್ಕ ಬದಲಾಗುತ್ತದೆ

2020ರಲ್ಲಿ ಮನೆಯಿಂದ ಕೆಲಸ ಶುರುವಾದಾಗ ಮಲೆನಾಡು, ಕರಾವಳಿಯ ಎಷ್ಟೋ ಹುಡುಗ ಹುಡುಗಿಯರು ಗುಡ್ಡದ ತುದಿಯಲ್ಲಿ ಟಾರ್ಪಾಲು ಕಟ್ಟಿ ಮೀಟಿಂಗ್‌ಗೆ, ಕ್ಲಾಸ್‌ಗೆ ಕೂತದ್ದು ನೆನಪಿರಬಹುದು. ಇಂಥ ಊರುಗಳಿಗೇ ತಾನೇ ಆಕಾಶದ ಟವರ್ ಬೇಕಾಗಿರುವುದು? ಚಿಕ್ಕಮಗಳೂರಿನ ನೆತ್ತಿಯ ಮೇಲೆ ಒಂದು ವಿಮಾನ ಇಟ್ಟು ನೋಡೋಣ. ಹಾಸನ, ಶಿವಮೊಗ್ಗ ಎಲ್ಲ 100 ಕಿ.ಮೀ. ಒಳಗೇ. ಆಗುಂಬೆ ನೇರ ದೂರದಲ್ಲಿ ಸುಮಾರು 76 ಕಿ.ಮೀ. ಅಲ್ಲಿ ನಿಂತು ನೋಡಿದರೆ ವಿಮಾನ ನೆತ್ತಿಯ ಮೇಲಿರುವುದಿಲ್ಲ, ದಿಗಂತದಿಂದ 14 ಡಿಗ್ರಿ ಮೇಲೆ ಮಾತ್ರ. ಒಂದು ಕಿ.ಮೀ. ದೂರದಲ್ಲಿ 260 ಮೀಟರಿನ ಒಂದು ಗುಡ್ಡ ಅಡ್ಡ ಇದ್ದರೆ ಮುಗಿಯಿತು, ಸಿಗ್ನಲ್ ಇಲ್ಲ. ಕಣಿವೆಯ ಮನೆಗಳಿಗೆ ವಿಮಾನ ಹತ್ತಿರವೇ ಇರಬೇಕು, ಅಂದರೆ ಏಳೆಂಟು ವಿಮಾನದ ಲೆಕ್ಕ ಮಲೆನಾಡಿಗೆ ಹೊಂದುವುದಿಲ್ಲ.

ಇನ್ನು ಮಳೆ. ಫೋನಿಗೂ ವಿಮಾನಕ್ಕೂ ನಡುವಿನ ಮಾತು ನಡೆಯುವುದು 700 ಮೆಗಾಹರ್ಟ್ಸ್, 2 ಗಿಗಾಹರ್ಟ್ಸ್‌ನಂಥ ತರಂಗಗಳಲ್ಲಿ. ಅವಕ್ಕೆ ಮಳೆ ಲೆಕ್ಕಕ್ಕಿಲ್ಲ. ಆದರೆ ವಿಮಾನಕ್ಕೆ ಇಂಟರ್‌ನೆಟ್ ಎಲ್ಲಿಂದ ಬರಬೇಕು? ನೆಲದ ಒಂದು ದೊಡ್ಡ ನಿಲ್ದಾಣದಿಂದ ಎಲ್ಲರ ಡೇಟಾವನ್ನೂ ಒಟ್ಟಿಗೆ ಮೇಲಕ್ಕೆ ಕಳಿಸಬೇಕು. ಅಷ್ಟು ಡೇಟಾಕ್ಕೆ ಅಗಲವಾದ ದಾರಿ ಸಿಗುವುದು 38 ಅಥವಾ 70-80 ಗಿಗಾಹರ್ಟ್ಸ್‌ನಲ್ಲಿ, ಆ ತರಂಗಗಳು ಮಳೆಹನಿಯ ಗಾತ್ರಕ್ಕೆ ಹತ್ತಿರ ಬರುತ್ತವೆ. ಗಂಟೆಗೆ 50 ಮಿಲಿಮೀಟರ್ ಸುರಿವ ಮಳೆಯಲ್ಲಿ 70-80 ಗಿಗಾಹರ್ಟ್ಸ್ ಸಿಗ್ನಲ್ ಪ್ರತಿ ಕಿಲೋಮೀಟರಿಗೂ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿಯಾಗುತ್ತಾ ಹೋಗುತ್ತದೆ. ಎರಡು ಕಿ.ಮೀ. ಮಳೆ ದಾಟಿದರೆ ನೂರರಲ್ಲಿ ಒಂದು ಪಾಲೂ ಇಲ್ಲ. ಜುಲೈ ತಿಂಗಳ ಆಗುಂಬೆಯಲ್ಲಿ ಇಂಥ ನಿಲ್ದಾಣ ಕಟ್ಟಿದವರನ್ನು ದೇವರೇ ಕಾಪಾಡಬೇಕು. ನಿಲ್ದಾಣವನ್ನು ಮಳೆ ನೆರಳಿನ ಕಡೂರಿನ ಕಡೆ ಇಡಬಹುದು, ಚಿಕ್ಕಮಗಳೂರಿನ ನೆತ್ತಿಯ ವಿಮಾನಕ್ಕೆ ಅದು ಹತ್ತಿರವೇ. ಎರಡು ಮೂರು ಕಡೆ ಇಟ್ಟು, ಎಲ್ಲಿ ಮಳೆ ಇಲ್ಲವೋ ಅಲ್ಲಿಂದ ಮಾತಾಡುವುದೇ ಸದ್ಯಕ್ಕಿರುವ ದಾರಿ.

ಎತ್ತರಕ್ಕೆ ಇನ್ನೊಂದು ತಾಪತ್ರಯ. 20 ಕಿ.ಮೀ. ಮೇಲಿನಿಂದ ಸುಮಾರು 500 ಕಿ.ಮೀ. ತನಕ ಕಾಣುತ್ತದೆ. ಚಿಕ್ಕಮಗಳೂರಿನ ಮೇಲಿನ ವಿಮಾನಕ್ಕೆ ಗೋವಾ, ಕೊಚ್ಚಿ ಬಿಡಿ, ಚೆನ್ನೈ ಕೂಡ ನೇರ ನೋಟಕ್ಕೆ ಸಿಗುತ್ತದೆ. ಅದು ಬಳಸುವ ಫ್ರೀಕ್ವೆನ್ಸಿಯನ್ನೇ ಅಲ್ಲಿನ ಟವರ್‌ಗಳೂ ಬಳಸುತ್ತಿದ್ದರೆ ಗಲಾಟೆ ಗ್ಯಾರಂಟಿ. ಗಡಿಯಾಚೆಯ ದೇಶವಾದರಂತೂ ರಾಯಭಾರಿಗಳ ತನಕ ಹೋಗುವ ವಿಷಯ. ಅದಕ್ಕೇ ಇದನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ವರ್ಷಗಟ್ಟಲೆ ಚರ್ಚಿಸಿದ್ದು. 2019ರ ಈಜಿಪ್ಟ್ ಸಮ್ಮೇಳನದಲ್ಲಿ 31 ಮತ್ತು 38 ಗಿಗಾಹರ್ಟ್ಸ್ ಪಟ್ಟಿಗಳನ್ನು ಜಗತ್ತಿಗೆಲ್ಲ ಅನ್ವಯಿಸುವಂತೆ ಗುರುತಿಸಿದರು. 2023ರ ದುಬೈ ಸಮ್ಮೇಳನದಲ್ಲಿ ಮಾಮೂಲಿ ಮೊಬೈಲ್ ಬ್ಯಾಂಡ್‌ಗಳನ್ನೇ ಆಕಾಶದಿಂದ ಬಳಸಲು ದಾರಿ ಬಿಟ್ಟರು, ನೆಲದ ಮೇಲೆ ಬೀಳುವ ಶಕ್ತಿಗೆ ಮಿತಿ ಹಾಕಿ. ಹೊಸ ಫೋನ್ ಬೇಡ, ಇರುವುದೇ ಸಾಕು ಎನ್ನುವ ಮಾತಿಗೆ ಕಾನೂನಿನ ಬಲ ಬಂದದ್ದು ಹೀಗೆ.

ಬಿದ್ದವರು, ಎದ್ದವರು

ಈ ದಾರಿಯಲ್ಲಿ ಬಿದ್ದವರ ಪಟ್ಟಿ ಉದ್ದವಿದೆ. ಪಾಥ್‌ಫೈಂಡರ್‌ನ ತಮ್ಮ ಹೀಲಿಯೋಸ್ 2001ರಲ್ಲಿ 96,863 ಅಡಿ ಏರಿ ದಾಖಲೆ ಮಾಡಿತು. 2003ರ ಜೂನ್ 26ರಂದು ಅದರ 247 ಅಡಿ ರೆಕ್ಕೆ ಗಾಳಿಯಲ್ಲಿ ಬಿಲ್ಲಿನಂತೆ ಬಾಗಿ, ಕುಲುಕಾಡಿ, ಮುರಿದು ಪೆಸಿಫಿಕ್ ಸಮುದ್ರಕ್ಕೆ ಬಿತ್ತು. ಫೇಸ್‌ಬುಕ್‌ನ ಅಕ್ವಿಲಾ 2016ರಲ್ಲಿ ಮೊದಲ ಹಾರಾಟ ಮಾಡಿತು, 2018ರಲ್ಲಿ ಕಂಪನಿಯೇ ಕೈಬಿಟ್ಟಿತು. ಗೂಗಲ್ ಬಳಗದ ಲೂನ್ ವಿಮಾನವಲ್ಲ, ಸೋಲಾರ್ ಬಲೂನು. 2017ರಲ್ಲಿ ಚಂಡಮಾರುತಕ್ಕೆ ಸಿಕ್ಕ ಪೋರ್ಟೊ ರಿಕೊದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನೆಟ್‌ವರ್ಕ್‌ಗೆ ಜೋಡಿಸಿತು, 2020ರಲ್ಲಿ ಕೆನ್ಯಾದಲ್ಲಿ ವ್ಯಾಪಾರವನ್ನೂ ಶುರು ಮಾಡಿತು. 2021ರ ಜನವರಿಯಲ್ಲಿ ಬಾಗಿಲು ಹಾಕಿತು. ತಂತ್ರಜ್ಞಾನ ಸೋತು ಅಲ್ಲ, ದುಡ್ಡಿನ ಲೆಕ್ಕ ಕೂಡದೆ.

ಎದ್ದವರೂ ಇದ್ದಾರೆ. 2020ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಬಳಗದ ಸನ್‌ಗ್ಲೈಡರ್, 78 ಮೀಟರ್ ರೆಕ್ಕೆಯದು, ನ್ಯೂ ಮೆಕ್ಸಿಕೊದಲ್ಲಿ 62,500 ಅಡಿ ಏರಿ, ಅಲ್ಲಿಂದ 4ಜಿ ಕೊಟ್ಟಿತು. ಅಮೆರಿಕ–ಜಪಾನ್ ನಡುವೆ ಮಾಮೂಲಿ ಸ್ಮಾರ್ಟ್‌ಫೋನಿನಲ್ಲಿ ವಿಡಿಯೋ ಕಾಲ್ ನಡೆಯಿತು. ಇಂಟರ್‌ನೆಟ್ಟಿನ ಪಿತಾಮಹರಲ್ಲೊಬ್ಬರಾದ ವಿಂಟ್ ಸರ್ಫ್ ಕೂಡ ಆ ಕರೆಯಲ್ಲಿದ್ದರು. 2021ರಲ್ಲಿ ಜೆಫಿರ್ ಮತ್ತು ಜಪಾನಿನ ಡೊಕೊಮೊ ಸೇರಿ 140 ಕಿ.ಮೀ. ದೂರದ ತನಕ ಸಿಗ್ನಲ್ ಮುಟ್ಟಿಸಬಹುದು ಅಂತ ಅಳೆದು ತೋರಿಸಿದವು. ಅಷ್ಟು ದೂರಕ್ಕೆ ಕೈಹಿಡಿದದ್ದು 450 ಮೆಗಾಹರ್ಟ್ಸ್‌ನ ಸಣ್ಣ ಪಟ್ಟಿ. ಜೆಫಿರ್ 2022ರಲ್ಲಿ 64 ದಿನ ಮೇಲಿತ್ತು, 2025ರಲ್ಲಿ ಕೆನ್ಯಾದಿಂದ ಏರಿ 67 ದಿನ.

ಇತ್ತ ನಮ್ಮ ಚಳ್ಳಕೆರೆ. ಅಲ್ಲಿನ ಕಾವಲ್ ಭೂಮಿಯಲ್ಲಿ ಡಿಆರ್‌ಡಿಒ ರನ್‌ವೇ ಬಂದಾಗಿನಿಂದ (ದನ, ಕುರಿ ಮೇಯಿಸುತ್ತಿದ್ದವರ ಹುಲ್ಲುಗಾವಲು ಹೋದದ್ದೂ ಹೌದು, ಅದು ಇನ್ನೊಂದು ಲೇಖನದ ವಿಷಯ) ಬೆಂಗಳೂರಿನ ಎನ್‌ಎಎಲ್ ವಿಜ್ಞಾನಿಗಳಿಗೆ ಪರೀಕ್ಷೆಯ ಅಂಗಳ ಸಿಕ್ಕಿದೆ. 2024ರ ಆರಂಭದಲ್ಲಿ ಅವರ ಸಣ್ಣ ಮಾದರಿ, ಸುಮಾರು 12 ಮೀಟರ್ ರೆಕ್ಕೆ, 22 ಕಿಲೋ ಆಸುಪಾಸಿನ ತೂಕ, ಸುಮಾರು 3 ಕಿ.ಮೀ. ಎತ್ತರದಲ್ಲಿ ಎಂಟೂವರೆ ಗಂಟೆ ಹಾರಿತು. ಪೂರ್ತಿ ಗಾತ್ರದ ವಿಮಾನಕ್ಕೆ 2027ರ ಗುರಿ ಇಟ್ಟುಕೊಂಡಿದ್ದರು. ಬೆಂಗಳೂರಿನದೇ ನ್ಯೂಸ್ಪೇಸ್ ರಿಸರ್ಚ್ ಕಂಪನಿಯೂ ಇಂಥದೇ ವಿಮಾನದ ಮೇಲೆ ಕೆಲಸ ಮಾಡುತ್ತಿದೆ. ಮೊದಲ ಗಿರಾಕಿ ಸೇನೆಯೇ ಆಗುತ್ತದೆ, ಗಡಿ ಕಾಯಲು. ನಮ್ಮ ನಿಮ್ಮ ಫೋನಿನ ಸರದಿ ಆಮೇಲೆ.

ನಮಗೊಂದು ಅದೃಷ್ಟವಿದೆ, ಅದು ಬ್ರಿಟಿಷರಿಗಿಲ್ಲ. ಡಿಸೆಂಬರ್‌ನ ಅತಿ ಚಿಕ್ಕ ಹಗಲು ಲಂಡನ್ನಿನಲ್ಲಿ ಎಂಟು ಗಂಟೆಗೂ ಕಮ್ಮಿ, ಬೆಂಗಳೂರಿನಲ್ಲಿ ಹನ್ನೊಂದು ಗಂಟೆ ದಾಟುತ್ತದೆ. ಲಂಡನ್ ಮೇಲೆ ಚಳಿಗಾಲ ಕಳೆಯಲಾಗದ ವಿಮಾನ ಇಲ್ಲಿ ವರ್ಷವಿಡೀ ಬದುಕಬಹುದು.

ನನ್ನ ಮಟ್ಟಿಗೆ ಇದರ ನಿಜವಾದ ಕೆಲಸ ಬೆಂಗಳೂರಿನ ಫೈಬರ್‌ಗೆ ಪೈಪೋಟಿ ಕೊಡುವುದಲ್ಲ, ಕೆಳಗಿನ ಕಕ್ಷೆಯ ಉಪಗ್ರಹಗಳ ಜೊತೆ ಬೆಲೆಯುದ್ಧಕ್ಕೆ ಇಳಿಯುವುದೂ ಅಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ರಸ್ತೆ ಹೋಯಿತು, ಕರೆಂಟ್ ಹೋಯಿತು, ಹಿಂದೆಯೇ ಫೋನೂ ಹೋಯಿತು. ದುಬೈಯಲ್ಲಿದ್ದ ಮಗನಿಗೆ ಮಕ್ಕಂದೂರಿನ ಅಪ್ಪ ಅಮ್ಮ ಇದ್ದಾರೋ ಇಲ್ಲವೋ ಗೊತ್ತಾಗದ ದಿನಗಳವು. ಅಂಥ ಹೊತ್ತಿಗೆ ವಿಡಿಯೋ ಬೇಡ, ‘ನಾವು ಕ್ಷೇಮ, ಶಾಲೆಯಲ್ಲಿದ್ದೀವಿ’ ಎನ್ನುವ ಒಂದು ಮೆಸೇಜ್ ಸಾಕು. ಅಷ್ಟಕ್ಕೆ ನೂರು ವ್ಯಾಟ್‌ನ ಬಲ್ಬಿಗಿಂತ ಕಮ್ಮಿ ಶಕ್ತಿಯ ರೇಡಿಯೋ ಸಾಕು. ಮೂರು ಕಿಲೋ ಬ್ಯಾಟರಿಯೂ ಬೇಡ.

ಆದರೆ ಮಳೆ ಶುರುವಾದ ಮೇಲೆ ಕೊಡಗಿನ ಕಡೆ ವಿಮಾನ ಕಳಿಸ್ತೀವಿ ಅಂದರೆ ಆಗದು. 75 ಕಿಲೋದ ಈ ಹಗುರ ಜೀವಿ ಮುಂಗಾರು ಮೋಡಗಳನ್ನೂ, ಅದರ ಮೇಲೆ 15 ಕಿ.ಮೀ. ಆಸುಪಾಸಿನಲ್ಲಿ ಬೀಸುವ ಪೂರ್ವದ ಜೆಟ್ ಗಾಳಿಯನ್ನೂ ದಾಟಿ ಮೇಲೇರಬೇಕು. ಮೇ ತಿಂಗಳ ಒಂದು ಶಾಂತ ಬೆಳಗ್ಗೆಯೇ ಏರಿಸಿ, ಮೇಲೆ ಕಾಯಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ 122 ದಿನ. ಸದ್ಯದ ದಾಖಲೆ 67.